ಫೈಲ್ ಇತ್ತು, ಆಪ್ ಖಾಲಿ ಅಂದಿತು: ಪಾಂಡವಪುರದ ಒಂದು ಆಲೆಮನೆ ಲೆಕ್ಕದ ಪ್ರಕರಣ

ಶನಿವಾರ ಬಟವಾಡೆ ದಿನ. ಬೆಳಿಗ್ಗೆ ಏಳೂವರೆಗೆ ಪಾಂಡವಪುರ ತಾಲ್ಲೂಕಿನ ಒಂದು ಆಲೆಮನೆಯಿಂದ ಫೋನ್ ಬಂತು. ಮಾತಾಡಿದ್ದು ಮಾಲೀಕರ ಮಗಳು. "ಸರ್, ಆಪ್‌ನಲ್ಲಿ ಇವತ್ತಿನ ಒಂದು ಲೋಡ್ ಬಿಟ್ರೆ ಏನೂ ಇಲ್ಲ. ಹಳೇದೆಲ್ಲ ಎಲ್ಲೋಯ್ತು?" ಹಿಂದೆ ಗಾಣದ ಸದ್ದು ಕೇಳುತ್ತಿತ್ತು. ಸಂಜೆ ಹನ್ನೊಂದು ಜನಕ್ಕೆ ಕೂಲಿ ಕೊಡಬೇಕು. ಯಾರಿಗೆ ಎಷ್ಟು ಮುಂಗಡ ಹೋಗಿದೆ, ಯಾವ ರೈತರ ಕಬ್ಬು ಎಷ್ಟು ಟನ್ ಬಂದಿದೆ, ಎಲ್ಲ ಆ ಫೋನಿನಲ್ಲೇ ಇತ್ತು. 58 ದಿನದ ಲೆಕ್ಕ.

ಆ ಆಪ್ ಬರೆದವನು ನಾನು. ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಸಣ್ಣ ವ್ಯಾಪಾರಗಳಿಗೆ ಆಪ್ ಮಾಡಿಕೊಡುತ್ತೇನೆ. ತಪ್ಪು ಪೂರ್ತಿ ನನ್ನದೇ. ಅದನ್ನು ಇಲ್ಲಿ ವಿವರವಾಗಿ ಬರೆದಿಡಲು ಕಾರಣ ಇದೆ. ಹಾಲಿನ ಲೆಕ್ಕ, ಚೀಟಿ ಲೆಕ್ಕ, ಟ್ರ್ಯಾಕ್ಟರ್ ಬಾಡಿಗೆ ಲೆಕ್ಕ ಅಂತ ಫೋನಿನೊಳಗೇ ಎಲ್ಲವನ್ನೂ ಇಡುವ ಆಪ್‌ಗಳನ್ನು ನಮ್ಮ ಕಡೆ ಈಗ ತುಂಬ ಜನ ಮಾಡುತ್ತಿದ್ದಾರೆ. ನಾನು ಬರೆದಂಥ ನಾಲ್ಕು ಸಾಲು ಅವರ ಕೋಡಿನಲ್ಲೂ ಇರುವ ಸಾಧ್ಯತೆ ಜಾಸ್ತಿ.

ಆಲೆಮನೆಯಲ್ಲಿ ಏನೇನು ಬರೆಯುತ್ತಾರೆ

ಆಲೆಮನೆ ನೋಡದವರಿಗೆ ಎರಡು ಮಾತು. ರೈತರ ಗದ್ದೆಯಿಂದ ಕಬ್ಬಿನ ಲೋಡ್ ಬರುತ್ತದೆ. ಹತ್ತಿರದ ವೇಬ್ರಿಡ್ಜ್‌ನಲ್ಲಿ ತೂಕ ಮಾಡಿಸಿದ ಚೀಟಿ ಜೊತೆಗಿರುತ್ತದೆ. ಗಾಣದಲ್ಲಿ ಅರೆದು, ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟು, ಒಣಗಿದ ಸಿಪ್ಪೆಯನ್ನೇ ಒಲೆಗೆ ಹಾಕಿ ಕಾಯಿಸುತ್ತಾರೆ. ಪಾಕ ಬಂದ ಮೇಲೆ ಅಚ್ಚಿಗೆ ಸುರಿಯುತ್ತಾರೆ. ಒಂದು ಟನ್ ಕಬ್ಬಿಗೆ ನೂರು ಕೆಜಿ ಆಸುಪಾಸು ಬೆಲ್ಲ. ಅದು ಮಂಡ್ಯದ ಮಾರುಕಟ್ಟೆಗೆ ಹೋಗುತ್ತದೆ.

ಲೆಕ್ಕ ಮೂರು ಥರ. ಕಬ್ಬು ಕೊಟ್ಟ ರೈತರದ್ದು, ಕೆಲಸದವರದ್ದು, ಮಾರಿದ ಬೆಲ್ಲದ್ದು. ಕೆಲಸದವರ ಲೆಕ್ಕವೇ ನಾಜೂಕು. ಸೀಸನ್ ಶುರುವಾಗುವ ಮೊದಲೇ ಮುಂಗಡ ತಗೊಂಡಿರುತ್ತಾರೆ. ಆಮೇಲೆ ಹಬ್ಬಕ್ಕೆ ಒಂದಿಷ್ಟು, ಆಸ್ಪತ್ರೆ ಖರ್ಚಿಗೆ ಒಂದಿಷ್ಟು. ಪ್ರತಿ ಶನಿವಾರ ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತಾರೆ. ಇಲ್ಲಿ ಐನೂರು ರೂಪಾಯಿ ಆಚೆ ಈಚೆ ಆದರೂ ಮನಸ್ಸು ಕೆಡುತ್ತದೆ.

ಕಬ್ಬು ಆಳೆತ್ತರಕ್ಕಿಂತ ಮೇಲೆ ಬೆಳೆದಾಗ ಅಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ಅದಕ್ಕೇ ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುವ ಆಪ್ ಬೇಕು ಅಂದರು. ಎಲ್ಲವನ್ನೂ ಫೋನಿನಲ್ಲೇ ಇಡೋಣ ಅಂತ ನಾನು ತೀರ್ಮಾನಿಸಿದೆ. ಆ ತೀರ್ಮಾನ ಸರಿ ಅಂತ ಈಗಲೂ ನಂಬುತ್ತೇನೆ. ತಪ್ಪಿದ್ದು ಇಟ್ಟ ರೀತಿಯಲ್ಲಿ.

ನಾನು ಇಟ್ಟಿದ್ದು ಹೀಗೆ. ಆಪ್‌ನ ಸ್ವಂತ ಫೋಲ್ಡರಿನಲ್ಲಿ ಒಂದೇ ಒಂದು ಜೇಸನ್ ಫೈಲ್, ಅಂದರೆ ಪೂರ್ತಿ ಪಟ್ಟಿಯನ್ನು ಶುರುವಿಗೊಂದು, ಕೊನೆಗೊಂದು ಕಂಸ ಹಾಕಿ ಅಕ್ಷರದಲ್ಲೇ ಬರೆದಿಡುವ ಫೈಲ್. ಆಪ್ ತೆರೆದಾಗ ಪೂರ್ತಿ ಫೈಲನ್ನು ಓದಿ ಮೆಮೊರಿಗೆ ತರುವುದು. ಹೊಸ ಎಂಟ್ರಿ ಹಾಕಿ "ಉಳಿಸು" ಒತ್ತಿದಾಗ ಪೂರ್ತಿ ಪಟ್ಟಿಯನ್ನು ಮತ್ತೆ ಅದೇ ಫೈಲಿಗೆ ಬರೆಯುವುದು. ಕಾಟ್ಲಿನ್‌ನಲ್ಲಿ (ನಾನು ಆಪ್ ಬರೆಯುವ ಭಾಷೆ) ಇದಕ್ಕೆ ಒಂದೇ ಸಾಲು ಸಾಕು. ಮೊದಲ ವಾರ ಫೈಲ್ 50 ಕೆಬಿ ಇತ್ತು. 58ನೇ ದಿನಕ್ಕೆ 400 ಕೆಬಿ ದಾಟಿತ್ತು. ಅಂದರೆ ಒಂದು ಲೋಡಿನ ತೂಕ ಸೇರಿಸಲು ಪ್ರತಿ ಸಲ ಹಿಂದಿನ 57 ದಿನದ ಲೆಕ್ಕವನ್ನೂ ಹೊಸದಾಗಿ ಬರೆಯುತ್ತಿದ್ದೆ. ಆಗ ಅದು ನನಗೆ ಅಪಾಯ ಅನ್ನಿಸಲಿಲ್ಲ. ಫೋನ್ ವೇಗವಾಗಿತ್ತು, ಕೆಲಸ ನಡೆಯುತ್ತಿತ್ತು.

ನಾಲ್ಕು ಸಾಲಿನ ಲಾಗ್

ಒಂಬತ್ತು ಗಂಟೆಯ ರೈಲಿಗೆ ಹೊರಟೆ. ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಆಟೊ. ಹೋಗುವ ಮೊದಲು ಫೋನಿನಲ್ಲಿ ಒಂದೇ ಮಾತು ಹೇಳಿದ್ದೆ: "ಆಪ್ ಮುಟ್ಟಬೇಡಿ, ಇವತ್ತಿನ ಲೋಡ್ ಪೇಪರಲ್ಲಿ ಬರೀರಿ."

ಆಪ್‌ನಲ್ಲಿ ಒಂದು ಮೂಲೆಯಲ್ಲಿ "ಲಾಗ್ ಕಳಿಸು" ಅನ್ನುವ ಬಟನ್ ಇಟ್ಟಿದ್ದೆ. ಪ್ರತಿ ಸಲ ಓದಿದಾಗ, ಬರೆದಾಗ, ಸಮಯ ಮತ್ತು ಫೈಲಿನ ಗಾತ್ರ ಬೇರೆ ಒಂದು ಸಣ್ಣ ಫೈಲಿನಲ್ಲಿ ಸೇರುತ್ತಿತ್ತು. ಸುಮ್ನೆ ನನ್ನ ಅನುಕೂಲಕ್ಕೆ ಹಾಕಿದ್ದು. ಆ ದಿನ ಏನಾಯಿತು ಅಂತ ತಿಳಿಯಲು ಅದೊಂದೇ ಸಾಕ್ಷಿ. ಕೊನೆಯ ಸಾಲುಗಳು ಹೀಗಿದ್ದವು:

ಶುಕ್ರವಾರ ಸಂಜೆ 7:52, ಉಳಿಸಿದೆ, 4,11,306 ಬೈಟ್.
ಶನಿವಾರ ಬೆಳಿಗ್ಗೆ 6:10, ಫೈಲ್ ಗಾತ್ರ 3,35,872 ಬೈಟ್.
ಶನಿವಾರ ಬೆಳಿಗ್ಗೆ 6:10, ಓದಲು ಆಗಲಿಲ್ಲ.
ಶನಿವಾರ ಬೆಳಿಗ್ಗೆ 6:14, ಉಳಿಸಿದೆ, 388 ಬೈಟ್.

ಎರಡನೇ ಸಾಲಿನ ಸಂಖ್ಯೆ ನೋಡಿ. ಹಿಂದಿನ ಸಂಜೆಗಿಂತ 75 ಸಾವಿರ ಬೈಟ್ ಕಡಿಮೆ. ರಾತ್ರಿ ಯಾರೂ ಏನನ್ನೂ ಅಳಿಸಿರಲಿಲ್ಲ. ನಾನು ಆ ಸಂಖ್ಯೆಯನ್ನು 4096ರಿಂದ ಭಾಗಿಸಿ ನೋಡಿದೆ. ಸರಿಯಾಗಿ 82 ಬಂತು, ಶೇಷ ಸೊನ್ನೆ. ಫೋನಿನ ಸ್ಟೋರೇಜ್ ಜಾಗವನ್ನು ಸಾಮಾನ್ಯವಾಗಿ 4096 ಬೈಟಿನ ತುಂಡುಗಳಲ್ಲಿ ಹಂಚುತ್ತದೆ. ಲೆಕ್ಕದ ಫೈಲ್ ತಾನಾಗಿ ಅಷ್ಟು ಕರಾರುವಾಕ್ಕಾಗಿ ಒಂದು ತುಂಡಿನ ಅಂಚಿನಲ್ಲಿ ಮುಗಿಯುವುದು ಬಲು ಅಪರೂಪ. ಬರೆಯುತ್ತಾ ಬರೆಯುತ್ತಾ ಮುಂದಿನ ತುಂಡು ಸಿಗದೆ ನಿಂತಾಗ ಮಾತ್ರ ಹೀಗೆ ಕಾಣುತ್ತದೆ.

"ನಿನ್ನೆ ರಾತ್ರಿ ಫೋನಿನಲ್ಲಿ ಜಾಗ ತುಂಬಿತ್ತಾ?" ಅಂತ ಕೇಳಿದೆ. ತುಂಬಿತ್ತು. ನೆಂಟರ ಮನೆ ಮದುವೆ ವಿಡಿಯೊಗಳು ವಾಟ್ಸಾಪ್‌ಗೆ ಸಾಲಾಗಿ ಬರುತ್ತಿದ್ದವಂತೆ. 32 ಜಿಬಿ ಫೋನು. ಒಂಬತ್ತು ಗಂಟೆ ಸುಮಾರಿಗೆ ಕೊನೆಯ ಲೋಡ್ ಬಂದಿದೆ. ಅದನ್ನು ಆಪ್‌ಗೆ ಹಾಕಿ ಉಳಿಸಿದ್ದಾರೆ. ಹಸಿರು ಟಿಕ್ ಬಂದಿದೆ. ಮಲಗುವ ಮುಂಚೆ "ಜಾಗ ತುಂಬಿದೆ" ಅಂತ ಫೋನೇ ಹೇಳಿತೆಂದು ಒಂದಷ್ಟು ವಿಡಿಯೊ ಅಳಿಸಿದ್ದಾರೆ. ಒಂಬತ್ತು ಗಂಟೆಯ ಆ ಎಂಟ್ರಿ ಲಾಗ್‌ನಲ್ಲಿ ಇಲ್ಲವೇ ಇಲ್ಲ. ಲಾಗ್ ಬರೆಯಲಿಕ್ಕೂ ಜಾಗ ಇರಲಿಲ್ಲ.

ಹಳೆಯ ಫೈಲ್ ಇದ್ದ ಜಾಗದಲ್ಲೇ ಹೊಸದನ್ನು ಬರೆಯುವುದಾದರೆ ಜಾಗ ಯಾಕೆ ಸಾಲದು ಅಂತ ಕೇಳಬಹುದು. ಫೈಲನ್ನು ಬರೆಯಲು ತೆರೆದ ಕ್ಷಣದಲ್ಲೇ ಅದರ ಹಳೆಯ ವಿಷಯ ಪೂರ್ತಿ ಅಳಿಸಿಹೋಗುತ್ತದೆ, ಆ ಜಾಗ ಬಿಡುಗಡೆ ಆಗುತ್ತದೆ. ನಾವು ಹೊಸದನ್ನು ಬರೆಯುವಷ್ಟರಲ್ಲಿ ಪಕ್ಕದಲ್ಲಿ ಇಳಿಯುತ್ತಿರುವ ವಿಡಿಯೊ ಆ ಜಾಗವನ್ನು ಹಿಡಿದುಕೊಳ್ಳಬಹುದು. ಆಪ್‌ನ ಫೋಲ್ಡರ್ ಬೇರೆ, ವಿಡಿಯೊ ಫೋಲ್ಡರ್ ಬೇರೆ ಅನ್ನಿಸಿದರೂ ಇಬ್ಬರೂ ಹಂಚಿಕೊಳ್ಳುವುದು ಒಂದೇ ಕೋಣೆ. ಸ್ಲೇಟು ಒರೆಸಿ ಆಮೇಲೆ ಬಳಪ ಹುಡುಕಿದ ಹಾಗೆ. ಬಳಪ ಸಾಲದು ಅಂತ ಗೊತ್ತಾಗುವ ಹೊತ್ತಿಗೆ ಸ್ಲೇಟಿನಲ್ಲಿ ಹಳೆಯದೂ ಇಲ್ಲ.

ಹಸಿರು ಟಿಕ್ ಬಗ್ಗೆಯೂ ಹೇಳಬೇಕು. ಬರೆಯುವ ಕೆಲಸವನ್ನು ಹಿನ್ನೆಲೆಯಲ್ಲಿ ನಡೆಯಲು ಬಿಟ್ಟು, ಅದು ಮುಗಿಯುವ ಮೊದಲೇ ಟಿಕ್ ತೋರಿಸುತ್ತಿದ್ದೆ. ಬರೆಯುವುದು ಸೋತರೆ ಅದರ ಸುದ್ದಿ ಲಾಗ್‌ಗೆ ಹೋಗುತ್ತಿತ್ತು, ತೆರೆಗೆ ಬರುತ್ತಿರಲಿಲ್ಲ. ಉಳಿಯದ ಲೆಕ್ಕಕ್ಕೆ "ಉಳಿಯಿತು" ಅಂತ ಹೇಳಿದ ಹಾಗಾಯಿತು.

ಲೆಕ್ಕ ಹೋಗಿದ್ದು ರಾತ್ರಿ ಅಲ್ಲ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಜಾಗ ಇರಲಿಲ್ಲ, ಫೈಲ್ ಹಾಳಾಯಿತು, ಅಷ್ಟೇ. ಆದರೆ ಲಾಗ್‌ನ ಸಂಖ್ಯೆಗಳು ಬೇರೆ ಕಥೆ ಹೇಳುತ್ತಿದ್ದವು. ಬೆಳಿಗ್ಗೆ 6:10ಕ್ಕೆ ಆ ಫೈಲಿನಲ್ಲಿ 3,35,872 ಬೈಟ್ ಇನ್ನೂ ಇದ್ದವು. ಐದರಲ್ಲಿ ನಾಲ್ಕು ಪಾಲು. ಎಂಟ್ರಿಗಳು ದಿನಾಂಕದ ಪ್ರಕಾರ ಒಂದರ ಕೆಳಗೆ ಒಂದು ಇದ್ದುದರಿಂದ, ಸುಮಾರು ಮೊದಲ 47 ದಿನದ ಲೆಕ್ಕ ಒಂದಕ್ಷರ ಕೆಡದೆ ಅಲ್ಲೇ ಇತ್ತು. ಕೊನೆಯ ಕೆಲವು ಪುಟ ಹರಿದ ಪುಸ್ತಕ ಅದು.

6:14ಕ್ಕೆ ಅದು 388 ಬೈಟ್ ಆಯಿತು. ಆ ನಾಲ್ಕು ನಿಮಿಷದಲ್ಲಿ ಪುಸ್ತಕವನ್ನು ಒಲೆಗೆ ಹಾಕಿದ್ದು ನನ್ನ ಕೋಡ್.

ಓದುವ ಭಾಗವನ್ನು ನಾನು ಬರೆದಿದ್ದ ರೀತಿ ಇದು: ಫೈಲ್ ಓದು, ಜೇಸನ್ ಬಿಡಿಸು, ಏನೇ ತಪ್ಪಾದರೂ ಖಾಲಿ ಪಟ್ಟಿ ಕೊಡು. ಯಾಕೆ ಹಾಗೆ ಬರೆದೆ ಅನ್ನುವುದೂ ನೆನಪಿದೆ. ಆಪ್ ಹೊಸದಾಗಿ ಹಾಕಿಕೊಂಡ ದಿನ ಫೈಲೇ ಇರುವುದಿಲ್ಲ. ಆಗ ಆಪ್ ಬಿದ್ದುಹೋಗಬಾರದು, ಖಾಲಿ ಪಟ್ಟಿ ತೋರಿಸಬೇಕು. ಆ ಒಂದು ದಿನಕ್ಕೆ ಬರೆದ ಸಾಲು ಉಳಿದೆಲ್ಲ ದಿನಗಳಿಗೂ ಅನ್ವಯ ಆಯಿತು. ಅರ್ಧ ಫೈಲನ್ನು ಜೇಸನ್ ಬಿಡಿಸಲು ಹೋಗಿ ಸೋತಿತು. ನನ್ನ ಕೋಡ್ ಅದನ್ನು ನುಂಗಿಕೊಂಡು "ಲೆಕ್ಕ ಏನೂ ಇಲ್ಲ" ಅಂದಿತು. ಹುಡುಗಿ ಖಾಲಿ ತೆರೆ ನೋಡಿ, ಇನ್ನೂ ಲೋಡ್ ಆಗುತ್ತಿರಬೇಕು ಅಂದುಕೊಂಡರು. ಹೊರಗೆ ಟ್ರ್ಯಾಕ್ಟರ್ ನಿಂತಿತ್ತು. ಬೆಳಗಿನ ಮೊದಲ ಲೋಡ್ ಹಾಕಿ ಉಳಿಸಿದರು. ಒಂದೇ ಎಂಟ್ರಿಯ ಹೊಸ ಪಟ್ಟಿ, ಹಳೆಯ ಫೈಲಿನ ಮೇಲೆ ಕೂತಿತು.

"ಫೈಲೇ ಇಲ್ಲ" ಅನ್ನುವುದು ಒಂದು. "ಫೈಲ್ ಇದೆ, ಓದೋಕೆ ಆಗ್ತಿಲ್ಲ" ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಹೊಸದಾಗಿ ಶುರು ಮಾಡಬೇಕು. ಎರಡನೆಯದರಲ್ಲಿ ಕೈ ಕಟ್ಟಿ ನಿಲ್ಲಬೇಕು. ನಾನು ಎರಡಕ್ಕೂ ಒಂದೇ ಉತ್ತರ ಕೊಟ್ಟಿದ್ದೆ. ಜಾಗ ತುಂಬಿದ್ದು ಯಾರ ಕೈಯಲ್ಲೂ ಇರಲಿಲ್ಲ. ಅದರಿಂದ ಹೋಗುತ್ತಿದ್ದುದು 11 ದಿನ. ಉಳಿದ 47 ದಿನ ಹೋಗಿದ್ದು ಈ ಒಂದು ಸಾಲಿನಿಂದ.

ಅಳಿಸಿಹೋದದ್ದನ್ನು ಮತ್ತೆ ತೆಗೆಯಬಹುದಾ ಅಂತ ಮಾಲೀಕರು ಕೇಳಿದರು. ಅಂಗಡಿಯಲ್ಲಿ ಫೋಟೊ ರಿಕವರಿ ಮಾಡಿಕೊಡುತ್ತಾರಲ್ಲ ಅಂದರು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಆಪ್‌ನ ಒಳಗಿನ ಫೈಲುಗಳು ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಗುಪ್ತ ಸಂಕೇತದಲ್ಲಿರುತ್ತವೆ. ಅಳಿಸಿದ ಜಾಗವನ್ನು ಫೋನೇ ಬೇಗ ಶುದ್ಧ ಮಾಡಿಬಿಡುತ್ತದೆ. ಆಗುವುದಿಲ್ಲ ಅಂತ ನೇರವಾಗಿ ಹೇಳಿದೆ. ಗೂಗಲ್ ಡ್ರೈವ್ ಬ್ಯಾಕಪ್? ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಪ್ರತಿ ಆಪ್‌ಗೆ 25 ಎಂಬಿವರೆಗೆ ತಾನಾಗಿ ಬ್ಯಾಕಪ್ ಆಗುವ ವ್ಯವಸ್ಥೆ ಇದೆ. ಅದನ್ನು ನಂಬಿಕೊಂಡಿದ್ದೆ ಕೂಡ. ಆದರೆ ಅದು ನಡೆಯುವುದು ಫೋನ್ ಸುಮ್ಮನೆ ಇದ್ದಾಗ, ಸಾಮಾನ್ಯವಾಗಿ ವೈಫೈ ಸಿಕ್ಕಾಗ. ಆ ಮನೆಯಲ್ಲಿ ವೈಫೈ ಇಲ್ಲ. ಆ ಫೋನಿಂದ ಒಂದು ಸಲವೂ ಬ್ಯಾಕಪ್ ಹೋಗಿರಲಿಲ್ಲ.

ಚೀಟಿಗಳ ರಾಶಿ

ಆ ಸಂಜೆ ಬಟವಾಡೆ ನಿಲ್ಲಲಿಲ್ಲ. ಮಾಲೀಕರು ಎಲ್ಲರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸದ್ಯಕ್ಕೆ ಒಂದಿಷ್ಟು ಕೊಡುತ್ತೇನೆ, ಮುಂಗಡ ಮುರಿಯುವುದು ಬೇಡ, ಮುಂದಿನ ವಾರ ಲೆಕ್ಕ ಕೂರಿಸೋಣ ಅಂದರು. ಯಾರೂ ಜಗಳ ಆಡಲಿಲ್ಲ. ನಾನು ಅಲ್ಲೇ ಜಗಲಿಯಲ್ಲಿ ಕೂತಿದ್ದೆ. ನನಗೆ ತಲೆ ಎತ್ತಲು ಆಗಲಿಲ್ಲ.

ಲೆಕ್ಕ ಮೂರು ಕಡೆಯಿಂದ ವಾಪಸ್ ಬಂತು. ಒಂದು, ದೀಪಾವಳಿ ಹೊತ್ತಿಗೆ ಮೈಸೂರಿನಲ್ಲಿರುವ ಚಿಕ್ಕಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಸಿಎಸ್‌ವಿ ಫೈಲ್. ಸಾಲಿಗೊಂದು ಎಂಟ್ರಿ, ನಡುವೆ ಅಲ್ಪವಿರಾಮ, ಅಷ್ಟೇ ಇರುವ ಸಾದಾ ಪಟ್ಟಿ ಅದು. ಮೊದಲ 36 ದಿನ ಅದರಲ್ಲಿ ಸಿಕ್ಕವು. ಎರಡು, ವೇಬ್ರಿಡ್ಜ್ ಚೀಟಿಗಳು. ಮೊಳೆಗೆ ಚುಚ್ಚಿ ಇಟ್ಟಿದ್ದ ಕಂತೆ, ಕೆಲವಕ್ಕೆ ಬೆಲ್ಲದ ಅಂಟು. ಮೂರು, ಮಾಲೀಕರ ಜೇಬಿನ ಡೈರಿ. ಕೈಯಿಂದ ಹೋದ ದುಡ್ಡನ್ನು ಅವರು ಅದರಲ್ಲಿ ಬರೆಯುವುದು ಬಿಟ್ಟಿರಲಿಲ್ಲ. ನಾನು ಆಪ್ ಕೊಟ್ಟ ಮೇಲೆ ಡೈರಿ ಯಾಕೆ ಅಂತ ಒಂದು ಸಲ ಕೇಳಿದ್ದೆ. ಅವರು ಏನೂ ಹೇಳಿರಲಿಲ್ಲ.

ಸಿಎಸ್‌ವಿ ಫೈಲನ್ನು ಆಪ್‌ಗೆ ಮತ್ತೆ ತುಂಬುವ ಕೋಡನ್ನು ಅಲ್ಲೇ ಕೂತು ಬರೆದೆ. ಅವಸರದಲ್ಲಿ ಬರೆದದ್ದು. ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಕನ್ನಡದಲ್ಲಿ ಬರೆಯುವ ಆಪ್‌ಗಳಿಗೆ ಇದು ಖಾಸಾ ಕಾಯಿಲೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

36 ದಿನ ತುಂಬಿದ ಮೇಲೆ ಮುಂಗಡದ ಒಟ್ಟು ಮೊತ್ತ ಡೈರಿಗಿಂತ 2,000 ರೂಪಾಯಿ ಕಡಿಮೆ ಬಂತು. ಅದನ್ನು ಹಿಡಿದದ್ದು ಹುಡುಗಿ. ಬಿ.ಕಾಂ ಓದುತ್ತಿದ್ದಾರೆ, ಮೊತ್ತ ತಾಳೆ ಆಗದಿದ್ದರೆ ಅವರು ಬಿಡುವುದಿಲ್ಲ. ಒಂದೊಂದೇ ಸಾಲು ನೋಡುತ್ತಾ ಬಂದೆವು. ಒಂದು ಎಂಟ್ರಿಯಲ್ಲಿ "ಮುಂಗಡ" ಅನ್ನುವ ಕಡೆ "ಮುಂ" ಇತ್ತು, "ಡ" ಇತ್ತು, ನಡುವೆ ಕರಿ ವಜ್ರದ ಆಕಾರದೊಳಗೆ ಪ್ರಶ್ನೆ ಚಿಹ್ನೆಗಳಿದ್ದವು. "ಗ" ಒಡೆದುಹೋಗಿತ್ತು. ಪದ ಹೊಂದಲಿಲ್ಲ ಅಂತ ಆಪ್ ಆ ಎರಡು ಸಾವಿರವನ್ನು "ಇತರೆ" ಖಾತೆಗೆ ಹಾಕಿತ್ತು.

ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಟ್ಟ ಪಟ್ಟಿ) ಕನ್ನಡದ ಪ್ರತಿ ಸಂಕೇತ, ಯುಟಿಎಫ್-8 (ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ರೀತಿ) ಆಗಿ ಉಳಿಸಿದಾಗ, 3 ಬೈಟ್ ತಗೊಳ್ಳುತ್ತದೆ. "ಗ" ಅಂದರೆ 224, 178, 151 ಅನ್ನುವ ಮೂರು ಸಂಖ್ಯೆ. ಕೊಂಬು, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಮೂರು. ಒತ್ತಿಗೆ ಅರ್ಧಾಕ್ಷರದ ಚಿಹ್ನೆ, ಅಕ್ಷರ ಎರಡೂ ಸೇರಿ ಆರು. "ಬೆಲ್ಲ" ನಮ್ಮ ಕಣ್ಣಿಗೆ ಎರಡಕ್ಷರ. ಫೈಲಿನಲ್ಲಿ ಅದು ಐದು ಸಂಕೇತ, 15 ಬೈಟ್. ನಾನು ಫೈಲನ್ನು ಒಮ್ಮೆಗೆ 4096 ಬೈಟಿನಂತೆ ಓದಿ, ಪ್ರತಿ ತುಂಡನ್ನು ಅಲ್ಲಲ್ಲೇ ಅಕ್ಷರ ಮಾಡುತ್ತಿದ್ದೆ. 4096 ಮೂರರಿಂದ ಭಾಗ ಆಗುವುದಿಲ್ಲ, ಒಂದು ಉಳಿಯುತ್ತದೆ. ನಡುವೆ ಅಂಕಿ, ಅಲ್ಪವಿರಾಮ ಇರುವುದರಿಂದ ಪ್ರತಿ ಸಲ ಅಕ್ಷರ ಒಡೆಯುವುದಿಲ್ಲ. ಆದರೆ ಆಗಾಗ ಒಂದು ಅಕ್ಷರದ ಒಂದು ಚೂರು ಈ ತುಂಡಿನಲ್ಲಿ, ಎರಡು ಚೂರು ಮುಂದಿನ ತುಂಡಿನಲ್ಲಿ ಬೀಳುತ್ತದೆ. ಎರಡೂ ಕಡೆ ಅದು ಅಕ್ಷರವಾಗದೆ ಕರಿ ವಜ್ರ ಆಗುತ್ತದೆ. ಇಂಗ್ಲಿಷ್ ಅಕ್ಷರ ಒಂದೊಂದು ಬೈಟಿನದು, ಅಲ್ಲಿ ಈ ತಪ್ಪು ಎಂದೂ ಕಾಣುವುದಿಲ್ಲ. ಹಾಗಾಗಿ ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷೆ ಮಾಡಿದ ಆಪ್ ನಮ್ಮ ಊರಿಗೆ ಬಂದ ಮೇಲೆ ಒಡೆಯುತ್ತದೆ.

ಪರಿಹಾರ ಸುಲಭ. ಬೈಟ್‌ಗಳನ್ನು ನಾವೇ ತುಂಡು ಮಾಡಿ ಅಕ್ಷರ ಮಾಡಬಾರದು. ಓದುವ ರೀಡರ್‌ಗೇ ಯುಟಿಎಫ್-8 ಅಂತ ಹೇಳಿ ಬಿಟ್ಟರೆ ಅದು ಉಳಿದ ಚೂರನ್ನು ಇಟ್ಟುಕೊಂಡು ಮುಂದಿನದರ ಜೊತೆ ಸೇರಿಸುತ್ತದೆ. ಹಾಗೆ ಬದಲಿಸಿದ ಮೇಲೆ 2,000 ರೂಪಾಯಿ ತನ್ನ ಜಾಗಕ್ಕೆ ಬಂತು. ಆದರೂ ಆ ಹೊತ್ತು ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಹುಡುಗಿ ತಾಳೆ ನೋಡದಿದ್ದರೆ ಒಬ್ಬರ ಸಾಲ ಎರಡು ಸಾವಿರ ಕಡಿಮೆ ಆಗಿ, ಮಾಲೀಕರ ಡೈರಿಯಲ್ಲಿ ಜಾಸ್ತಿ ಇರುತ್ತಿತ್ತು. ಯಾರು ಸುಳ್ಳು ಹೇಳುತ್ತಿದ್ದಾರೆ ಅನ್ನುವ ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು, ಅಲ್ವಾ?

ಉಳಿದ 22 ದಿನಕ್ಕೆ ಮೂರು ಸಂಜೆ ಹಿಡಿಯಿತು. ಚೀಟಿ ಸಿಗದ ಲೋಡ್‌ಗಳಿಗೆ ರೈತರನ್ನೇ ಕೇಳಿದೆವು. ಓದು ಬರಹ ಬಾರದ ಒಬ್ಬ ಹಿರಿಯರು ತಮ್ಮ ನಾಲ್ಕು ಲೋಡನ್ನು ಸಂತೆ ದಿನ, ಅಮಾವಾಸ್ಯೆ, ಮೊಮ್ಮಗನಿಗೆ ಜ್ವರ ಬಂದ ದಿನ ಅಂತ ಗುರುತಿಟ್ಟು ಹೇಳಿದರು. ಆಮೇಲೆ ಸಿಕ್ಕ ಎರಡು ಚೀಟಿಗಳಿಗೆ ಅವರ ಮಾತು ಸರಿಯಾಗಿ ಹೊಂದಿತು.

ಬದಲಿಸಿದ್ದು

ಭಾನುವಾರವೇ ಮೊದಲ ಬದಲಾವಣೆ ಮಾಡಿ ಫೋನಿಗೆ ಹಾಕಿದೆ. ಓದುವ ಭಾಗಕ್ಕೆ ಈಗ ಮೂರು ಉತ್ತರ ಇವೆ. ಲೆಕ್ಕ ಸಿಕ್ಕಿತು. ಫೈಲೇ ಇಲ್ಲ. ಫೈಲ್ ಇದೆ ಆದರೆ ಓದಲಾಗಲಿಲ್ಲ. ಮೂರನೆಯದು ಬಂದರೆ ಆಪ್ "ಉಳಿಸು" ಬಟನ್ನನ್ನೇ ಮುಚ್ಚುತ್ತದೆ. ಕೆಟ್ಟ ಫೈಲನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕೆ ಇಡುತ್ತದೆ, ಅಳಿಸುವುದಿಲ್ಲ. ಸೊನ್ನೆ ಬೈಟಿನ ಫೈಲ್ ಕೂಡ ಮೂರನೆಯ ಗುಂಪಿಗೇ ಸೇರಬೇಕು. ಎಂಟ್ರಿ ಇಲ್ಲದ ಪಟ್ಟಿಗೂ ಜೇಸನ್‌ನಲ್ಲಿ ಎರಡು ಚೌಕ ಕಂಸ ಇರಲೇಬೇಕು, ಹಾಗಾಗಿ ಏನೂ ಇಲ್ಲದ ಫೈಲ್ ಅಂದರೆ ಅದು ಹಾಳಾದ ಫೈಲ್.

ಬರೆಯುವಾಗ ಹಳೆಯ ಫೈಲನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ ಅದು ನಿಜವಾಗಿ ಸ್ಟೋರೇಜಿಗೆ ಇಳಿದಿದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರುತ್ತೇವೆ. ಒಂದೇ ಸ್ಟೋರೇಜಿನೊಳಗೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ. ಓದುವವರಿಗೆ ಹಳೆಯದು ಪೂರ್ತಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿ. ಅರ್ಧ ಅನ್ನುವುದು ಇಲ್ಲ. ಜಾಗ ಸಾಲದಿದ್ದರೆ ತಾತ್ಕಾಲಿಕ ಫೈಲ್ ಸೋಲುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಇದನ್ನೆಲ್ಲ ಕೈಯಾರೆ ಬರೆಯಬೇಕಾಗಿಯೂ ಇಲ್ಲ. ಅಟಾಮಿಕ್‌ಫೈಲ್ ಅನ್ನುವ ಸಿದ್ಧ ಕ್ಲಾಸ್ ಆಂಡ್ರಾಯ್ಡ್‌ನಲ್ಲೇ ಇದೆ. ಹಸಿರು ಟಿಕ್ ಈಗ ಇದೆಲ್ಲ ಮುಗಿದ ಮೇಲೆ ಮಾತ್ರ ಬರುತ್ತದೆ. ಅರ್ಧ ಸೆಕೆಂಡ್ ತಡ. ಯಾರೂ ಆಕ್ಷೇಪ ಮಾಡಿಲ್ಲ.

ಪರೀಕ್ಷೆಗೆ ನನ್ನ ಹಳೆಯ ಫೋನನ್ನು ತಗೊಂಡೆ. ದೊಡ್ಡದೊಂದು ಫೈಲ್ ಹಾಕಿ ಸ್ಟೋರೇಜ್ ತುಂಬಿಸಿ, ಕೆಲವೇ ಕೆಬಿ ಬಿಟ್ಟು, ಉಳಿಸು ಒತ್ತುತ್ತಾ ಹೋದೆ. ಉಳಿಸುವ ನಡುವೆ ಆಪ್ ಕೊಂದೆ. ಆಮೇಲೆ ಒಂದು ಒಳ್ಳೆಯ ಫೈಲನ್ನು ಕೊನೆಯಿಂದ ಒಂದೊಂದು ಬೈಟ್ ಕತ್ತರಿಸುತ್ತಾ, ಸೊನ್ನೆ ಆಗುವವರೆಗೆ, ಪ್ರತಿ ತುಂಡನ್ನೂ ಓದುವ ಭಾಗಕ್ಕೆ ಕೊಟ್ಟೆ. ಒಂದು ಸಲವೂ "ಖಾಲಿ ಪಟ್ಟಿ" ಅನ್ನಬಾರದು. ಈ ಪರೀಕ್ಷೆ ಬರೆಯಲು ಹತ್ತು ನಿಮಿಷ ಸಾಕು. ಮೊದಲೇ ಬರೆದಿದ್ದರೆ ಆ ಶನಿವಾರ ಇರುತ್ತಿರಲಿಲ್ಲ.

ಸೀಸನ್ ನಡುವೆ ಬಿಡುವು ಸಿಕ್ಕಾಗ ಜೇಸನ್ ಬಿಟ್ಟು ಎಸ್‌ಕ್ಯುಲೈಟ್‌ಗೆ ಬಂದೆ. 2000ದಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ ಈ ಡೇಟಾಬೇಸ್ ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಮೊದಲಿಂದ ಇದೆ. ಒಂದು ಎಂಟ್ರಿ ಸೇರಿಸಿದರೆ ಅದಷ್ಟೇ ಬರೆಯುತ್ತದೆ. 2010ರಲ್ಲಿ ಅದಕ್ಕೆ ಬಂದ ವಾಲ್ (ರೈಟ್ ಅಹೆಡ್ ಲಾಗ್) ಅನ್ನುವ ವಿಧಾನ ನಮ್ಮ ವ್ಯಾಪಾರಸ್ಥರಿಗೆ ಹೊಸದಲ್ಲ. ಮೊದಲು ಕಚ್ಚಾ ಪುಸ್ತಕದಲ್ಲಿ ಬರೆಯುವುದು, ಬಿಡುವಾದಾಗ ಪಕ್ಕಾ ಖಾತೆಗೆ ಏರಿಸುವುದು. ಒಂದು ಎಚ್ಚರಿಕೆ ಮಾತ್ರ ಬೇಕು. ಬ್ಯಾಕಪ್‌ಗೆ ಅಂತ ಮುಖ್ಯ ಫೈಲೊಂದನ್ನೇ ನಕಲು ಮಾಡಿದರೆ ಕಚ್ಚಾ ಪುಸ್ತಕದಲ್ಲಿ ಉಳಿದ ಹೊಸ ಎಂಟ್ರಿಗಳು ತಪ್ಪಿಹೋಗುತ್ತವೆ. ಮೊದಲು ಚೆಕ್‌ಪಾಯಿಂಟ್ ಮಾಡಿ ಎಲ್ಲವನ್ನೂ ಪಕ್ಕಾ ಖಾತೆಗೆ ಏರಿಸಿ, ಆಮೇಲೆ ನಕಲು.

ನಕಲು ಎಲ್ಲಿಡಬೇಕು ಅನ್ನುವುದಕ್ಕೂ ಯೋಚನೆ ಬೇಕು. ಆಪ್‌ನ ಸ್ವಂತ ಫೋಲ್ಡರಿನಲ್ಲಿ ಇಟ್ಟರೆ ಆಪ್ ತೆಗೆದಾಗ ಅದೂ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಡೇಟಾ ಅಳಿಸು" ಒತ್ತಿದರೂ ಹೋಗುತ್ತದೆ, ಜಾಗ ತುಂಬಿದಾಗ ಜನ ಮೊದಲು ಒತ್ತುವ ಬಟನ್ ಅದೇ. ಕ್ಯಾಶ್ ಫೋಲ್ಡರ್ ಇನ್ನೂ ಅಪಾಯ, ಜಾಗ ಬೇಕಾದಾಗ ಫೋನೇ ಅದನ್ನು ಖಾಲಿ ಮಾಡುತ್ತದೆ. ಹಾಗಾಗಿ ಪ್ರತಿ ಶನಿವಾರ ಬಟವಾಡೆ ಮುಗಿದ ಮೇಲೆ, ಫೈಲ್ ಎಲ್ಲಿ ಉಳಿಸಬೇಕು ಅಂತ ಕೇಳುವ ಆಂಡ್ರಾಯ್ಡ್‌ನದೇ ತೆರೆ ಬರುತ್ತದೆ. ಅವರು ಡಾಕ್ಯುಮೆಂಟ್ಸ್ ಫೋಲ್ಡರಿಗೆ ಒಂದು ಸಿಎಸ್‌ವಿ ಹಾಕಿ, ಅದನ್ನೇ ಮೈಸೂರಿಗೆ ಕಳಿಸುತ್ತಾರೆ. ಚಿಕ್ಕಪ್ಪನ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಮೊದಲು ಕನ್ನಡವೆಲ್ಲ ಗಜಿಬಿಜಿ ಚಿಹ್ನೆಗಳಾಗಿ ಕಾಣುತ್ತಿತ್ತು. ಫೈಲಿನ ಶುರುವಿನಲ್ಲಿ 239, 187, 191 ಅನ್ನುವ ಮೂರು ಬೈಟ್ ಸೇರಿಸಿದೆ. ಇದು ಯುಟಿಎಫ್-8 ಅಂತ ಎಕ್ಸೆಲ್‌ಗೆ ಅದರಿಂದ ಗೊತ್ತಾಗುತ್ತದೆ. ಈಗ ಹೆಸರುಗಳು ಸರಿಯಾಗಿ ಬರುತ್ತಿವೆ.

ಓದಲಾಗದಾಗ ಬರುವ ಸಂದೇಶವನ್ನು ನಾನು ಮೊದಲು "ದತ್ತಾಂಶ ಕಡತದಲ್ಲಿ ದೋಷ ಕಂಡುಬಂದಿದೆ" ಅಂತ ಬರೆದಿದ್ದೆ. ಹುಡುಗಿ ಓದಿ, "ಇದು ನೋಡಿದ್ರೆ ನಾನು ಮತ್ತೆ ಉಳಿಸು ಒತ್ತಿಬಿಡ್ತೀನಿ ಸರ್, ಏನ್ ಮಾಡ್ಬೇಕು ಅಂತ ಹೇಳ್ತಾನೇ ಇಲ್ಲ" ಅಂದರು. ಅವರೇ ಬರೆದುಕೊಟ್ಟರು. ಈಗ ಆಪ್‌ನಲ್ಲಿ ಇರುವುದು ಇದು: "ಹಳೇ ಲೆಕ್ಕ ಓದೋಕೆ ಆಗ್ತಿಲ್ಲ, ಆದ್ರೆ ಅಳಿಸಿಲ್ಲ. ಇವತ್ತಿನದು ಪೇಪರಲ್ಲಿ ಬರೀರಿ. ಫೋನ್ ಮಾಡಿ."

ಸಿಎಸ್‌ವಿಗೆ ಜೇಸನ್‌ನ ಹಾಗೆ ಕೊನೆಯ ಕಂಸ ಇಲ್ಲ. ಸಾಲಿನ ಕೊನೆಗೆ ಸರಿಯಾಗಿ ಕತ್ತರಿಸಿದರೆ ಅರ್ಧ ಫೈಲೂ ಪೂರ್ತಿಯ ಹಾಗೇ ಕಾಣುತ್ತದೆ. ಅದಕ್ಕೇ ಕೊನೆಯಲ್ಲಿ ಒಟ್ಟು ಎಷ್ಟು ಸಾಲು ಅಂತ ಒಂದು ಸಂಖ್ಯೆ ಸೇರಿಸಿದೆ. ಅದು ಇಲ್ಲದಿದ್ದರೆ ಆಪ್ ಆ ಫೈಲನ್ನು ಒಳಗೆ ತಗೊಳ್ಳುವುದಿಲ್ಲ. ಜನವರಿಯಲ್ಲಿ ಒಮ್ಮೆ ಆ ಸಂದೇಶ ಬಂತು. ಎರಡನೇ ಫೋನಿಗೆ ಲೆಕ್ಕ ತುಂಬಲು ಹೋಗಿದ್ದರಂತೆ. ಹುಡುಗಿ ಏನೂ ಮುಟ್ಟದೆ ಫೋನ್ ಮಾಡಿದರು, ಆ ದಿನದ ಮೂರು ಲೋಡನ್ನು ವೇಬ್ರಿಡ್ಜ್ ಚೀಟಿಯ ಹಿಂದೆಯೇ ಬರೆದಿಟ್ಟಿದ್ದರು. ಫೈಲ್ ತರಿಸಿ ನೋಡಿದೆ. ಚಿಕ್ಕಪ್ಪ ಎಕ್ಸೆಲ್‌ನಲ್ಲಿ ತೆರೆದು, ಕೊನೆಯಲ್ಲಿ ಒಂಟಿಯಾಗಿ ನಿಂತ ಸಂಖ್ಯೆಯನ್ನು ಯಾವುದೋ ಕಸ ಅಂದುಕೊಂಡು ಅಳಿಸಿ ವಾಪಸ್ ಕಳಿಸಿದ್ದರು. ಈಗ ಆ ಸಾಲಿನಲ್ಲಿ ಸಂಖ್ಯೆಯ ಪಕ್ಕ "ಒಟ್ಟು ಸಾಲು, ಇದನ್ನು ಅಳಿಸಬೇಡಿ" ಅಂತ ಕನ್ನಡದಲ್ಲಿ ಬರೆಯುತ್ತದೆ.